ಎಡಗಾಲಿನ ಸಾಕ್ಷಿ

"ನಾ ಮೊದಲ ಹೇಳಿದ್ನಿಲ್ರಿ ಮೇಡಮ್ಮಾರ? ಆಗೂದಿಲ್ಲದು," ಎಂದ ಹೆಡ್ ಕಾನ್‌ಸ್ಟೇಬಲ್ ಮುತ್ತಪ್ಪ. ತನ್ನ ಮಾತು ನಿಜವಾದ ಖುಷಿಗೆ ಬಾಯೊಳಗಿನ ಅಡಿಕೆಯನ್ನು ಈ ಕೆನ್ನೆಯಿಂದ ಆ ಕೆನ್ನೆಗೆ ದಾಟಿಸಿದ.

ಪದ್ಮಶ್ರೀ ಅವನ ಕಡೆ ನೋಡಲಿಲ್ಲ. ಠಾಣೆಯ ಹಿತ್ತಲಿನಲ್ಲಿ, ಜಪ್ತಿಯಾದ ಬೈಕುಗಳ ಸಾಲಿನ ಪಕ್ಕ ಆ ಬಿಳಿ ಕಾರು ನಿಂತಿತ್ತು. ಗೇರು ನ್ಯೂಟ್ರಲ್‌ನಲ್ಲಿದೆಯೇ ಎಂದು ನೋಡಿಕೊಂಡು, ಹೊರಗೆ ನಿಂತೇ ಕಿಟಕಿಯೊಳಗೆ ಕೈ ಹಾಕಿ, ಚಾವಿಯನ್ನು ಮತ್ತೊಮ್ಮೆ ಕೊನೆಯವರೆಗೂ ತಿರುವಿದಳು. ಎದುರಿನ ದೀಪಗಳೆಲ್ಲ ಹೊತ್ತಿಕೊಂಡವು. ಇಂಜಿನ್ ಮಾತ್ರ ಹೂಂ ಅನ್ನಲಿಲ್ಲ.

ಬಾಗಿಲು ತೆಗೆದು ಒಳಗೆ ಕುಳಿತಳು. ಎಡಗಾಲಿನಿಂದ ಕ್ಲಚ್ ಒತ್ತಿ ತಿರುವಿದಳು. ಒಂದೇ ಏಟಿಗೆ ಶುರುವಾಯಿತು.

"ನೋಡ್ರಿ ಮತ್ತ," ಮುತ್ತಪ್ಪ ಕಿಟಕಿಗೆ ಮುಖ ತಂದ. "ಕ್ಲಚ್ ಒತ್ತಿದ್ರಷ್ಟ ಚಾಲೂ. ಹೊರಗ ನಿಂತಾವಗ ಎಡಗಾಲು ಎಲ್ಲಿಂದ ಬರ್ತೈತ್ರಿ? ಆ ಡ್ರೈವರ್ ಒಳಗ ಕುಂತಿದ್ದ, ಗೇರ್ ಹಾಕಿದ್ದ, ಸಾವ್ಕಾರ್ರ ಮ್ಯಾಲೆ ಬಿಟ್ಟ. ಮ್ಯಾಲೆ ಸುಳ್ಳ ಬ್ಯಾರೆ."

ಮಹಾಲಯ ಅಮಾವಾಸ್ಯೆಯ ಬೆಳಿಗ್ಗೆ ಬೆಳಗಾವಿಯ ರವಿವಾರ ಪೇಟೆಯ ಮೆಣಸಿನಕಾಯಿ ವ್ಯಾಪಾರಿ ಚನ್ನಬಸಯ್ಯನವರನ್ನು ಅವರದೇ ಕಾರು ಅವರದೇ ಗೋದಾಮಿನ ಗೋಡೆಗೆ ಒತ್ತಿ ಹಿಡಿದಿತ್ತು. ಅಂದಿನಿಂದ ಅವರು ನೆಹರು ನಗರದ ಆಸ್ಪತ್ರೆಯಲ್ಲಿ ಕಣ್ಣು ಬಿಟ್ಟಿಲ್ಲ. ಚಾವಿ ತಿರುವಿದ ಡ್ರೈವರ್ ಮುದಸ್ಸರ ಹಿಂಡಲಗಾ ಜೈಲಿನಿಂದ ಹೊರಬಂದಿಲ್ಲ.

ಸಾವ್ಕಾರರು ಬಸವಣ್ಣನ ಹೆಸರು ಹೇಳದೆ ಬಾಯಿಗೆ ನೀರು ಹಾಕುವವರಲ್ಲ. ಆದರೂ ಪ್ರತಿ ಅಮಾವಾಸ್ಯೆಗೆ ಕಾರಿಗೊಂದು ನಿಂಬೆಹಣ್ಣು, ಏಳು ಹಸಿಮೆಣಸಿನಕಾಯಿ ಆಗಲೇಬೇಕು. ಅದನ್ನು ಕಟ್ಟುವುದು ಅವರದೇ ಕೈ, ಬೇರೆಯವರು ಮುಟ್ಟುವಂತಿಲ್ಲ. ಅವರು ಮುಂದಿನ ಬಂಪರಿನ ಬಳಿ ಬಗ್ಗಿ ಕಟ್ಟುತ್ತಿರುವಾಗ ಮುದಸ್ಸರ ಹೊರಗಿನಿಂದಲೇ ಕೈ ಹಾಕಿ ಇಂಜಿನ್ ಶುರುಮಾಡಿ, ಏಸಿ ಹಚ್ಚಿಡುತ್ತಿದ್ದ. ಪೂಜೆ ಮುಗಿಯುವಷ್ಟರಲ್ಲಿ ಒಳಗೆಲ್ಲ ತಂಪಾಗಿರಬೇಕು. ವರ್ಷಗಳಿಂದ ಹೀಗೇ ನಡೆದುಬಂದಿದೆ ಎಂದು ಅವನ ಹೇಳಿಕೆ. ಆ ದಿನ ಮಾತ್ರ ಕಾರು ಗಕ್ಕನೆ ಮುಂದಕ್ಕೆ ನೆಗೆಯಿತಂತೆ.

ಹೊರಗಿನಿಂದ ಶುರುವೇ ಆಗದ ಕಾರು ನೆಗೆದದ್ದು ಹೇಗೆ? ಪೊಲೀಸರ ಇಡೀ ಕೇಸು ಈ ಒಂದು ಪ್ರಶ್ನೆಯ ಮೇಲೆ ನಿಂತಿತ್ತು. ಮುದಸ್ಸರನ ಜಾಮೀನು ಅರ್ಜಿ ನಾಳೆ ಕೋರ್ಟಿಗೆ ಬರಲಿತ್ತು. ವಿಮಾ ಕಂಪನಿಯ ಸರ್ವೇಯರ್ ಪದ್ಮಶ್ರೀ, ಕಾರು ಪರೀಕ್ಷಿಸಿ ಏನು ಬರೆಯುತ್ತಾಳೋ ಅದೂ ನ್ಯಾಯಾಧೀಶರ ಮೇಜಿಗೆ ಹೋಗಲಿತ್ತು. ಈಗ ಕಂಡದ್ದನ್ನು ಕಂಡಹಾಗೆ ಬರೆದರೆ ಮುದಸ್ಸರ ಸುಳ್ಳುಗಾರ, ಕೊಲೆಗೆ ಕೈ ಹಾಕಿದವ.

ಗೇಟಿನ ಹೊರಗೆ ಮುದಸ್ಸರನ ಹೆಂಡತಿ ಸಿಮ್ರನ ನಿಂತಿದ್ದಳು. ಮಚ್ಛೆಯ ಫ್ಯಾಕ್ಟರಿಯ ಪಾಳಿ ಮುಗಿಸಿ ನೆಟ್ಟಗೆ ಇಲ್ಲಿಗೆ ಬಂದವಳು. ಕೊರಳಲ್ಲಿ ಇನ್ನೂ ಗುರುತಿನ ಚೀಟಿ ತೂಗುತ್ತಿತ್ತು.

"ಹೊರಗಿಂದ ಚಾಲೂ ಆತಲ್ರಿ ಅಕ್ಕಾರ?"

"ಇಲ್ಲವ್ವಾ."

ಸಿಮ್ರನ ಅಳಲಿಲ್ಲ. ಹುಬ್ಬು ಗಂಟು ಹಾಕಿದಳು.

"ಹಂಗಂದ್ರ ಕಾರ್ ಸುಳ್ಳ ಹೇಳಾಕತ್ತೈತ್ರಿ."

"ಏನಂದಿ?"

"ನಮ್ಮವ್ರು ಸುಳ್ಳ ಹೇಳೂದ ಇಲ್ಲಂತ ನಾ ಅನ್ನಂಗಿಲ್ರಿ. ಸಿಗರೇಟ ಬಿಟ್ಟೀನಿ ಅಂತಾರ, ಬಿಟ್ಟಿಲ್ಲ. ಆದ್ರ ಅವರಿಗೆ ಸಿಕ್ಕೊಳ್ಳದಂಗ ಸುಳ್ಳ ಹೇಳಾಕ ಬರಂಗಿಲ್ಲ. ಈ ಮಾತ ಸುಳ್ಳಾಗಿದ್ರ ಮೊದಲನೇ ದಿನಾನ ನನ್ನ ಮುಂದ ಸಿಕ್ಕೊಂಡಬಿಡ್ತಿದ್ರು."

ಪದ್ಮಶ್ರೀಗೆ ನಗು ಬಂತು, ನಕ್ಕಿದ್ದಕ್ಕೆ ಸಂಕಟವೂ ಆಯಿತು. ಮನುಷ್ಯರಿಗಿಂತ ಗಾಡಿಗಳ ಮೇಲೆ ಹೆಚ್ಚು ನಂಬಿಕೆಯಿಟ್ಟು ಬದುಕಿದವಳು ಅವಳು. ಬ್ರೇಕು ಕೆಟ್ಟಿದ್ದರೆ ಕೆಟ್ಟಿದೆ ಎಂದೇ ಹೇಳುತ್ತದೆ, ನೆಂಟರ ಮುಖ ನೋಡಿ ಮಾತು ಬದಲಿಸುವುದಿಲ್ಲ. ಕಾರಿಗೂ ಸುಳ್ಳು ಹೇಳಲು ಬರುತ್ತದೆಯೇ? ಬರುವುದಾದರೆ ಕಲಿಸಿದವರು ಯಾರು?

ವಾಪಸು ಬಂದು, ಟಾರ್ಚ್ ಬಾಯಲ್ಲಿ ಕಚ್ಚಿಕೊಂಡು, ಡ್ರೈವರ್ ಸೀಟಿನ ಕೆಳಗೆ ತಲೆ ತೂರಿಸಿ ಅಂಗಾತ ಮಲಗಿದಳು. ಕಾಲುಗಳು ಬಾಗಿಲಿನಿಂದ ಹೊರಗೆ.

"ಚಹಾ ತರಸ್ಲೇನ್ರಿ? ನೀವು ಅಲ್ಲೇ ಮುಕ್ಕಾಂ ಮಾಡೂ ಹಂಗ ಕಾಣ್ತೈತಿ," ಎಂದ ಮುತ್ತಪ್ಪ.

ಇಂಥ ಕಾರುಗಳಲ್ಲಿ ಕ್ಲಚ್ ಪೆಡಲಿನ ಮೇಲ್ತುದಿಗೆ ಬೆರಳಿನ ಗಾತ್ರದ ಸ್ವಿಚ್ ಇರುತ್ತದೆ. ಪೆಡಲ್ ಒತ್ತಿದಾಗ ಸ್ವಿಚ್ಚೂ ಒತ್ತಿಕೊಳ್ಳುತ್ತದೆ. ಆಗಷ್ಟೇ ಸ್ಟಾರ್ಟರಿಗೆ ಕರೆಂಟು. ಗೇರಿನಲ್ಲಿ ನಿಂತ ಕಾರು ಚಾವಿ ತಿರುವಿದ ಕೂಡಲೇ ಮುಂದಕ್ಕೋ ಹಿಂದಕ್ಕೋ ನೆಗೆಯಬಾರದೆಂದು ಮಾಡಿಟ್ಟ ಏರ್ಪಾಟು ಅದು. ಕೆಟ್ಟರೆ ಹೊಸದು ಹಾಕಬೇಕು. ಆದರೆ ನಮ್ಮ ಕಡೆ ಅಷ್ಟು ತಾಳ್ಮೆ ಯಾರಿಗಿದೆ? ಸ್ವಿಚ್ ಕಿತ್ತೊಗೆದು, ಎರಡು ತಂತಿ ನೇರವಾಗಿ ಕೂಡಿಸಿ, ಕರಿ ಟೇಪು ಸುತ್ತಿ "ಆತು ನಡೀರಿ" ಅಂದುಬಿಡುತ್ತಾರೆ. ಆಮೇಲೆ ಆ ಕಾರು ಹೊರಗಿನಿಂದಲೂ ಶುರುವಾಗುತ್ತದೆ, ಗೇರಿನಲ್ಲಿದ್ದರೂ ಶುರುವಾಗುತ್ತದೆ.

ಇಲ್ಲಿ ಸ್ವಿಚ್ ಇತ್ತು. ಸರಿಯಾಗಿಯೇ ಕೂತಿತ್ತು. ಪದ್ಮಶ್ರೀ ತಂತಿಯನ್ನು ಬೆರಳಲ್ಲಿ ಹಿಡಿದಳು. ಬೆರಳು ಅಂಟಿತು.

ಟೇಪಿನ ಗೋಂದು! ಹಳೆಯ ಟೇಪು ಬಿಚ್ಚಿದ ಮೇಲೆ ಉಳಿಯುವ ಅಂಟು. ಆ ಅಂಟಿನ ಮೇಲೆ ಇನ್ನೂ ಧೂಳು ಕೂತಿರಲಿಲ್ಲ, ಅಂದರೆ ಬಿಚ್ಚಿ ಬಹಳ ದಿನವಾಗಿಲ್ಲ. ಸ್ವಿಚ್ಚನ್ನು ಹಿಡಿದಿದ್ದ ನಟ್ಟಿನ ಮೈಮೇಲೆ ಸ್ಪ್ಯಾನರಿನ ಹೊಸ ಗೀರುಗಳು ಮಿಂಚುತ್ತಿದ್ದವು.

ಸ್ವಿಚ್ ಮಾತ್ರ ಹೊಸದಲ್ಲ. ಕಾರಿನಷ್ಟೇ ವಯಸ್ಸಾದದ್ದು, ತಲೆಯ ಬಣ್ಣ ಸವೆದದ್ದು. ಅಂಗಡಿಯ ಡಬ್ಬಿಯಿಂದ ಬಂದದ್ದಲ್ಲ. ಇಂಥದೇ ಇನ್ನೊಂದು ಕಾರಿನಿಂದ ಬಿಚ್ಚಿ ತಂದು ಇಲ್ಲಿ ಕೂರಿಸಿದ್ದಾರೆ.

ಅಂಗಾತ ಮಲಗಿದಲ್ಲೇ ಪದ್ಮಶ್ರೀ ಲೆಕ್ಕ ಕೂಡಿಸಿದಳು. ಮುದಸ್ಸರ ಹೇಳಿದ್ದು ಖರೆ. ಅವನು ಹೊರಗೇ ನಿಂತಿದ್ದ. ಆಮೇಲೆ ಯಾರೋ ಈ ಸ್ವಿಚ್ ಹಾಕಿ ಅವನನ್ನು ಸುಳ್ಳುಗಾರನನ್ನಾಗಿ ಮಾಡಿದ್ದರು. ಅಪಘಾತವಾದ ದಿನ ಕಾರು ಗೋದಾಮಿನ ಅಂಗಳದಲ್ಲೇ ಇತ್ತು. ಪೊಲೀಸರು ಎಳೆದು ತಂದದ್ದು ಮರುದಿನ. ನಡುವೆ ಆ ಅಂಗಳದ ಬೀಗ ತೆಗೆಯಬಲ್ಲವರು ಸಾವ್ಕಾರರ ಮನೆಯವರು ಮಾತ್ರ.

ಫೋಟೋ ತೆಗೆದುಕೊಂಡು ಮೇಲೆದ್ದಳು. ಬಾಯಿ ಬಿಡಲಿಲ್ಲ. ಮುತ್ತಪ್ಪನಿಗೆ ಹೇಳಿದರೆ ಸಂಜೆಯೊಳಗೆ ರವಿವಾರ ಪೇಟೆಯ ಚಹಾದಂಗಡಿಗಳಿಗೆಲ್ಲ ತಲುಪುತ್ತದೆ.

ಆದರೆ ಅರ್ಧ ಉತ್ತರ ಇನ್ನೂ ಬಾಕಿ ಇತ್ತು. ಕಾರು ಗೇರಿಗೆ ಬಂದದ್ದು ಹೇಗೆ? ಮುದಸ್ಸರ ಹಿಂದಿನ ಸಂಜೆ ನ್ಯೂಟ್ರಲ್ ಮಾಡಿ, ಹ್ಯಾಂಡ್‌ಬ್ರೇಕ್ ಎಳೆದು ಮನೆಗೆ ಹೋಗಿದ್ದೆ ಎಂದು ಹೇಳಿದ್ದ. ಪಂಚನಾಮೆಯ ಹೊತ್ತಿಗೆ ಹ್ಯಾಂಡ್‌ಬ್ರೇಕ್ ಎಳೆದಿರಲಿಲ್ಲ.

ಮುಂದಿನ ಗಾಲಿಯ ಒಳಮೈಗೆ ಟಾರ್ಚ್ ಬಿಟ್ಟಳು. ಕೆಂಪು ಮಣ್ಣು, ದಪ್ಪಗೆ ಮೆತ್ತಿ ಒಣಗಿತ್ತು. ರವಿವಾರ ಪೇಟೆಯ ರಸ್ತೆಗಳಲ್ಲಿ ಬೇಕಾದ್ದೆಲ್ಲ ಸಿಗುತ್ತದೆ, ಈ ಕೆಂಪು ಮಣ್ಣೊಂದು ಸಿಗುವುದಿಲ್ಲ. ಅದು ಖಾನಾಪುರದ ಕಡೆಯ ಮಣ್ಣು.

"ನಮಸ್ಕಾರ್ರಿ ಮೇಡಮ್. ಏನರ ಗೊತ್ತಾತೇನ್ರಿ?"

ಚನ್ನಬಸಯ್ಯನವರ ಒಬ್ಬನೇ ಮಗ ಬಸವಪ್ರಸಾದ ಬಂದು ನಿಂತಿದ್ದ. ಇಸ್ತ್ರಿ ಮುರಿಯದ ಬಿಳಿ ಅಂಗಿ, ಹಣೆಯ ಮೇಲೆ ಮೂರು ಬೆರಳ ವಿಭೂತಿ, ಯಾರಿಗೂ ಗಟ್ಟಿಯಾಗಿ ಮಾತಾಡಿ ಗೊತ್ತಿಲ್ಲದ ದನಿ. ಆಸ್ಪತ್ರೆಯಿಂದ ಬಂದೆ ಎಂದ. ಅಪ್ಪಾರು ಇದ್ದಹಾಗೇ ಇದ್ದಾರೆ ಎಂದ.

"ಈ ಕಾರ್ ಈಗೀಗ ಖಾನಾಪುರಕ್ಕ ಹೋಗಿತ್ತೇನ್ರಿ?" ಪದ್ಮಶ್ರೀ ಗಾಲಿಯನ್ನು ತೋರಿಸಿದಳು.

ಬಸವಪ್ರಸಾದ ಬಗ್ಗಿ ನೋಡಿದ. ಸ್ವಲ್ಪ ಹೊತ್ತು ಏಳಲೇ ಇಲ್ಲ.

"ಅಪ್ಪಾರು ಮಳಿಗಾಲದಾಗ ಖಾನಾಪುರಕ್ಕ ಕಾರ್ ಕಳಸೂದ ಇಲ್ರಿ. ಅಲ್ಲಿ ನಮ್ಮ ಅಂಗಡಿ ನೋಡಕೊಳ್ಳಾಂವ ಗೌರೀಶ. ನಮ್ಮ ದೊಡ್ಡಪ್ಪನ ಮಗ." ಕೈ ಒರೆಸಿಕೊಂಡ. "ಅವನ ಹೆಸರ ನನ್ನ ಬಾಯಿಂದ ಬರಬಾರದಿತ್ತು. ಬರ್ರಿ, ನಾನ ಕರ್ಕೊಂಡ ಹೋಗ್ತೀನಿ. ಒಬ್ಬರ ಯಾಕ ಅಲೀತೀರಿ?"

ಅವನ ಕಾರು ಗೇಟಿನ ಹೊರಗಿತ್ತು. ಅದೇ ಮಾದರಿ, ಬಣ್ಣ ಮಾತ್ರ ಬೂದಿ.

"ಎರಡೂ ಒಂದ ದಿನ ತಗೊಂಡಿದ್ವಿ. ಅಪ್ಪಾರಿಗೆ ಬಿಳೀದು, ನನಗ ಇದು," ಎಂದು ಬಾಗಿಲು ತೆಗೆದುಕೊಟ್ಟ.

ಪದ್ಮಶ್ರೀಯ ಕಣ್ಣು ತಾನಾಗಿಯೇ ಅವನ ಎಡಗಾಲಿನ ಮೇಲೆ ಹೋಯಿತು. ಅವನು ಕ್ಲಚ್ಚನ್ನು ಪೂರ್ತಿ ಒತ್ತಿ ಚಾವಿ ತಿರುವಿದ, ಪಾಠ ಕಲಿಸುವವರ ಹಾಗೆ. ಅವಳಿಗೆ ಒಂಥರಾ ನಾಚಿಕೆಯಾಯಿತು. ಅಪ್ಪ ಸಾವು ಬದುಕಿನ ನಡುವೆ ಇರುವಾಗ ಮಗನ ಕಾಲು ಎಲ್ಲಿದೆ ಎಂದು ನೋಡುವ ತನ್ನ ಕೆಲಸವೇ ಕೆಟ್ಟದ್ದೆನಿಸಿತು. ಈ ಮಾದರಿಯ ಕಾರುಗಳು ಬೆಳಗಾವಿಯ ಟ್ಯಾಕ್ಸಿ ಸ್ಟ್ಯಾಂಡಿನಲ್ಲೇ ಬೇಕಾದಷ್ಟಿವೆ.

ಮಚ್ಛೆ ದಾಟಿತು. ಫ್ಯಾಕ್ಟರಿಗಳ ತಗಡಿನ ಛಾವಣಿಗಳು ಹಿಂದೆ ಸರಿದು ಗದ್ದೆಗಳು ಬಂದವು. ಬಸವಪ್ರಸಾದ ದಾರಿಯುದ್ದಕ್ಕೂ ತಮ್ಮನ ಬಗ್ಗೆ ಒಳ್ಳೆಯದನ್ನೇ ಹೇಳಿದ. ಒಳ್ಳೆಯ ಹುಡುಗ, ಸ್ವಲ್ಪ ಆತುರ. ಪ್ರೀತಿಯ ಹುಡುಗ, ಸ್ವಲ್ಪ ಮುಚ್ಚುಮರೆ. ಹೊಗಳಿಕೆಯ ಕೊನೆಗೆಲ್ಲ ಒಂದೊಂದು ಚಿಕ್ಕ ಮುಳ್ಳು.

ಖಾನಾಪುರದಲ್ಲಿ ಗೌರೀಶನ ಓಣಿ ಏರು ದಾರಿ. ಮನೆ ರಸ್ತೆಗಿಂತ ತಗ್ಗಿನಲ್ಲಿತ್ತು. ಅಂಗಳವೇ ರಸ್ತೆಯಿಂದ ಬಾಗಿಲಿನವರೆಗೆ ಇಳಿಜಾರು. ಅಲ್ಲಿ ಅವನ ಪಿಕಪ್ ಗಾಡಿ ಮೂಗು ಕೆಳಗೆ ಮಾಡಿ ನಿಂತಿತ್ತು, ಮುಂದಿನ ಗಾಲಿಗೊಂದು ಕಲ್ಲು. ಬೆಳಗಿನ ಮಳೆ ಆಗಷ್ಟೇ ನಿಂತು ಎಲ್ಲ ಕಡೆ ಕೆಂಪು ನೀರು ಹರಿಯುತ್ತಿತ್ತು.

ಬಸವಪ್ರಸಾದ ಕಾರನ್ನು ಮೇಲಿನ ರಸ್ತೆಯ ಬದಿಗೆ, ಏರಿನ ಕಡೆ ಮುಖ ಮಾಡಿ ನಿಲ್ಲಿಸಿದ. ಎದುರು ಮನೆಯವರೊಂದಿಗೆ ಮರಾಠಿಯಲ್ಲಿ ಮಾತಾಡುತ್ತ ನಿಂತಿದ್ದ ಗೌರೀಶ ಓಡಿ ಬಂದ.

"ಅಣ್ಣಾ, ಹ್ಯಾಂಡ್‌ಬ್ರೇಕ್ ಎಳೀಬ್ಯಾಡೋ! ಮಳ್ಯಾಗ ತೊಯ್ದೈತಿ, ಹಿಡಕೊಂಡ ಕುಂದರ್ತೈತಿ. ಫಸ್ಟ್ ಗೇರ್ ಹಾಕಿ ಬಿಡು."

ಬಸವಪ್ರಸಾದ ನಕ್ಕು ಹಾಗೇ ಮಾಡಿದ. "ಖಾನಾಪುರಕ್ಕ ಬಂದ್ರ ಇದೊಂದು ಕಟ್ಟಳೆ ನೋಡ್ರಿ," ಎಂದ ಪದ್ಮಶ್ರೀಗೆ.

ಅವಳಿಗೆ ಆ ಕಟ್ಟಳೆ ಗೊತ್ತಿತ್ತು. ಇಲ್ಲಿನ ಮಳೆಗೆ ತೊಯ್ದ ಬ್ರೇಕನ್ನು ಎಳೆದು ಬಿಟ್ಟರೆ ತುಕ್ಕು ಹಿಡಿದು ಅಂಟಿಕೊಳ್ಳುತ್ತದೆ. ಅದಕ್ಕೇ ಹ್ಯಾಂಡ್‌ಬ್ರೇಕ್ ಮುಟ್ಟದೆ ಗೇರಿನಲ್ಲಿ ಬಿಡುತ್ತಾರೆ. ಮೂಗು ಏರಿನ ಕಡೆಗಿದ್ದರೆ ಫಸ್ಟ್, ಇಳಿಜಾರಿನ ಕಡೆಗಿದ್ದರೆ ರಿವರ್ಸ್.

ಹ್ಯಾಂಡ್‌ಬ್ರೇಕ್ ಇಲ್ಲದೆ ಗೇರಿನಲ್ಲಿ ನಿಂತ ಕಾರು. ಅಮಾವಾಸ್ಯೆಯ ಬೆಳಿಗ್ಗೆ ರವಿವಾರ ಪೇಟೆಯಲ್ಲಿ ಇದ್ದದ್ದೂ ಅದೇ.

"ನೀವು ಮಾತಾಡ್ರಿ. ನಾ ಆಸ್ಪತ್ರಿಗೆ ಫೋನ್ ಹಚ್ಚಿ ಬರ್ತೀನಿ," ಎಂದು ಬಸವಪ್ರಸಾದ ಹೊರಗೇ ಉಳಿದ.

ಒಳಗೆ ಗೌರೀಶನ ತಾಯಿ ಶಿವಬಸವ್ವ ಗೋಡೆಗೆ ದಿಂಬು ಇಟ್ಟು ಒರಗಿ ಕುಳಿತಿದ್ದರು. ಉಸಿರಾಡುವಾಗ ಎದೆಯಲ್ಲಿ ಸಣ್ಣಗೆ ಸಿಳ್ಳೆ ಕೇಳುತ್ತಿತ್ತು. "ಕುಂದರ್ರಿ, ಚಹಾ ಮಾಡಸ್ತೀನಿ," ಎಂದರು.

ಪದ್ಮಶ್ರೀ ಕುಳಿತಳು. ಸುತ್ತಿ ಬಳಸಿ ಮಾತಾಡಲು ಅವಳಿಗೆ ಹೊತ್ತಿರಲಿಲ್ಲ.

"ಗೌರೀಶ, ಅಮಾಸಿ ಹಿಂದಿನ ದಿನ ನಿಮ್ಮ ಕಾಕಾನ ಕಾರ್ ಇಲ್ಲಿಗೆ ಬಂದಿತ್ತು."

"ಇಲ್ರಿ." ಉತ್ತರ ಪ್ರಶ್ನೆಗಿಂತ ಬೇಗ ಬಂತು.

"ಗಾಲಿಗೆ ಈ ಓಣಿ ಮಣ್ಣ ಹತ್ತೈತಿ."

"ಖಾನಾಪುರದಾಗ ನಾನೊಬ್ಬನ ಅದೀನೇನ್ರಿ?"

"ಮುದಸ್ಸರ ಬೆಳಗಾವಿ ಡ್ರೈವರ್. ಹ್ಯಾಂಡ್‌ಬ್ರೇಕ್ ಎಳೀಲಾರದ ಕಾರಿನಿಂದ ಇಳಿಯಾಂವ ಅಲ್ಲ. ಎಳೀದನ ಗೇರ್‌ನ್ಯಾಗ ಬಿಡೂದು ನಿಮ್ಮೂರ ಪದ್ಧತಿ. ಈಗ ನಿಮ್ಮ ಅಣ್ಣಗ ಹೇಳಿದ್ದೂ ನೀವ."

ಗೌರೀಶ ಎದ್ದ. ಮುಖ ಕೆಂಪಾಗಿತ್ತು. "ಏನಂತ ತಿಳದೀರಿ ನೀವು? ನಾ ನಮ್ಮ ಕಾಕಾನ್ನ..."

"ನಾ ಏನೂ ತಿಳದಿಲ್ಲ. ಕೇಳಾಕ ಬಂದೀನಿ. ಮುದಸ್ಸರ ಜೈಲಿನ್ಯಾಗ ಅದಾನ. ನಾಳೆ ಅವನ ಜಾಮೀನ. ನೀವು ಸುಮ್ಮಕಿದ್ರ ಆಂವ ಅಲ್ಲೇ ಇರ್ತಾನ."

"ಖರೇ ಹೇಳೋ ಗೌರ್ಯಾ." ಶಿವಬಸವ್ವನ ದನಿ ಸಣ್ಣದಾಗಿತ್ತು. "ಇನ್ನೆಷ್ಟ ದಿನ ಬಚ್ಚಿಡ್ತಿ? ರಾತ್ರಿ ಉಣ್ಣವಲ್ಲಿ, ಮಕ್ಕೊಳ್ಳವಲ್ಲಿ. ನೀ ಹೇಳದಿದ್ರ ನಾ ಹೇಳ್ತೀನಿ."

ಗೌರೀಶ ತಾಯಿಯನ್ನು ನೋಡಿದ, ಪದ್ಮಶ್ರೀಯನ್ನು ನೋಡಿದ, ನಿಂತಲ್ಲೇ ಕುಸಿದು ಕುಳಿತ.

"ಅವ್ವಗ ಉಸಿರು ಸಿಗವಲ್ದಾಗಿತ್ರಿ. ಬಾಜೂ ಮನಿಯಿಂದ ಫೋನ್ ಬಂತು. ನಾ ಪ್ಯಾಟ್ಯಾಗಿದ್ನಿ, ನನ್ನ ಪಿಕಪ್ ಮಚ್ಛೆ ಗ್ಯಾರೇಜಿನ್ಯಾಗ. ಮುದಸ್ಸರ ಮನಿಗೆ ಹೋಗಿಬಿಟ್ಟಿದ್ದ. ಕಾಕಾನ ಚಾವಿ ಅಂಗಡಿ ಗಾದಿ ಮ್ಯಾಲಿನ ಗ್ವಾಡಿ ಮಳಿಗೇ ತೂಗತಿತ್ತು, ತಗೊಂಡ ಬಂದ್ನಿ. ಕೇಳಿದ್ರ ಕಾಕಾ ಕೊಡ್ತಿದ್ದನೋ ಏನೋ. ಕೇಳಾಕ ಅಂಜಿಕಿ ಬಂತು. ಆ ಕಾರ್ ಯಾರರ ಮುಟ್ಟಿದ್ರ ಎಷ್ಟ ಸಿಟ್ಟ ಅವಗ, ಗೊತ್ತೈತೇನ್ರಿ? ಅವ್ವನ ದವಾಖಾನಿಗೆ ತೋರ್ಸಿ, ನಸಿಕಿನ್ಯಾಗ ಒಯ್ದು ಅಲ್ಲೇ ನಿಲ್ಲಿಸಿ, ಚಾವಿ ಮಳಿಗೆ ಹಾಕಿ ಬಂದ್ನಿ."

"ಹ್ಯಾಂಡ್‌ಬ್ರೇಕ್?"

"ಎಳೀಲಿಲ್ರಿ. ರೂಢಿ. ಗೇರ್‌ನ್ಯಾಗ ಬಿಟ್ಟು ಬಂದ್ನಿ." ಎರಡೂ ಅಂಗೈಗಳಿಂದ ಮುಖ ಮುಚ್ಚಿಕೊಂಡ. "ನಾನ ಕೆಡವಿದ್ನಿ ಕಾಕಾನ್ನ. ಅಪ್ಪ ಸತ್ತ ಮ್ಯಾಲೆ ಸಾಲಿ ಕಲಿಸಿದಾಂವ ಆಂವ. ಮುದಸ್ಸರ ನನ್ನ ಪಾಪ ಹೊತ್ಕೊಂಡ ಕುಂತಾನ, ನಾ ಇಲ್ಲಿ ಕುಂತ ಚಹಾ ಕುಡ್ಯಾಕತ್ತೀನಿ."

ಅವನು ಬಿಕ್ಕಿ ಬಿಕ್ಕಿ ಅತ್ತ. ಪದ್ಮಶ್ರೀಗೂ ಕಣ್ಣು ತೇವವಾಯಿತು. ದೊಡ್ಡ ಗಂಡಸು ಹೀಗೆ ಅಳುವುದನ್ನು ನೋಡುತ್ತ ಕೂರುವುದು ಸುಲಭವಲ್ಲ. ಒಂದು ಕೈರೂಢಿಯಿಂದಾದ ಅನಾಹುತ, ಅದನ್ನು ಮುಚ್ಚಿಟ್ಟ ಹೆದರಿಕೆ. ಇಷ್ಟೇ ಕಥೆಯಾಗಿದ್ದರೆ ಇಲ್ಲಿಗೆ ಮುಗಿಯುತ್ತಿತ್ತು.

ಆದರೆ ಆ ಸ್ವಿಚ್?

"ಕಾರ್ ಹೊರಗಿಂದ ಯಾಕ ಚಾಲೂ ಆಗ್ತಿತ್ತು ಅಂತ ನಿಮಗ ಗೊತ್ತೈತೇನು?"

"ಕ್ಲಚ್ಚಿನ ಸ್ವಿಚ್ ಕೆಟ್ಟಿತ್ತಲ್ರಿ. ಕಾಕಾ ಹೊಸಾದ ಹಾಕಸಾಕ ಬಿಡಲಿಲ್ಲ, ತಂತಿ ಕೂಡಿಸಿ ಬಿಟ್ರು. ನಮ್ಮ ಮನ್ಯಾಗ ಎಲ್ಲಾರಿಗೂ ಗೊತ್ತು."

ಅಷ್ಟು ಸಹಜವಾಗಿ ಹೇಳಿದ. ಸ್ವಿಚ್ ಈಗ ವಾಪಸು ಬಂದಿರುವುದು ಇವನಿಗೆ ತಿಳಿಯದು ಎಂದು ಪದ್ಮಶ್ರೀಗೆ ಖಾತ್ರಿಯಾಯಿತು. ಅವಳ ಕಣ್ಣು ಕಿಟಕಿಯಾಚೆ ಹೋಯಿತು. ಇಳಿಜಾರು ಅಂಗಳ, ಮೂಗು ಕೆಳಗೆ ಮಾಡಿ ನಿಂತ ಪಿಕಪ್, ಗಾಲಿಯ ಕಲ್ಲು.

"ಆ ದಿನ ಯಾವ ಗೇರ್ ಹಾಕಿದ್ರಿ?"

"ಅಂದ್ರ?"

"ರವಿವಾರ ಪೇಟ್ಯಾಗ ಕಾರ್ ಬಿಟ್ಟು ಇಳ್ಯಾಗ. ಫಸ್ಟೋ, ರಿವರ್ಸೋ?"

"ರಿವರ್ಸ್," ಎಂದ ಗೌರೀಶ, ಯೋಚಿಸದೆ. "ನಮ್ಮ ಅಂಗಳ ನೋಡ್ರಿ. ಯಾವಾಗ್ಲೂ ಮೂಗ ಕೆಳಗ. ಇಷ್ಟ ವರ್ಷ ರಿವರ್ಸ್ ಹಾಕಿ ಹಾಕಿ ಕೈ ತಾನ ಅಲ್ಲಿಗೆ ಹೋಗ್ತೈತಿ. ಬ್ಯಾರೆ ಗೇರ್ ಹಾಕಿ ಇಳದರ ಏನೋ ಮರ್ತಂಗ ಆಗ್ತೈತ್ರಿ."

"ಖರೇ?"

"ಅವ್ವನ ಆಣಿ."

"ಕಾರಿನ ಹಿಂದ ಏನಿತ್ತು ಅಂಗಳದಾಗ?"

"ಖಾಲಿ ಚೀಲದ ಒಟ್ಟಲು."

ಪದ್ಮಶ್ರೀ ಚಹಾದ ಲೋಟವನ್ನು ನಿಧಾನವಾಗಿ ಕೆಳಗಿಟ್ಟಳು.

"ರಿವರ್ಸಿನ್ಯಾಗಿದ್ದ ಕಾರ್ ಚಾವಿ ತಿರುವಿದ್ರ ಹಿಂದಕ್ಕ ನೆಗೀತೈತಿ, ಗೌರೀಶ. ನಿಮ್ಮ ರೂಢಿಯಿಂದ ಕಾರ್ ನೆಗದಿದ್ರ ಚೀಲದ ಒಟ್ಟಲಕ್ಕ ಬಡೀತಿತ್ತು. ನಿಮ್ಮ ಕಾಕಾ ಸಿಟ್ಟಾಗಿ ಬಯ್ದು ಸುಮ್ಮಕಾಗ್ತಿದ್ರು. ಅವರಿದ್ದದ್ದು ಮುಂದ."

ಅಪರಾಧದ ಭಾರ ಇಳಿದದ್ದು ಗೌರೀಶನಿಗೆ ಮೊದಲು ತಿಳಿಯಿತು, ಅದರ ಹಿಂದೆ ಬಂದ ಹೆದರಿಕೆ ಆಮೇಲೆ.

"ಅಂದ್ರ... ನಾ ಬಂದ ಮ್ಯಾಲೆ..."

"ಯಾರೋ ರಿವರ್ಸ್ ತಗದು ಫಸ್ಟ್ ಹಾಕಿದ್ರು. ಅಮಾಸಿ, ನಿಂಬಿಹಣ್ಣು, ಹೊರಗಿಂದ ತಿರುವೂ ಚಾವಿ, ಎಲ್ಲಾ ಗೊತ್ತಿದ್ದವರು." ದನಿ ತಗ್ಗಿಸಿದಳು. "ನಿಮ್ಮ ಕಾಕಾ ಇಲ್ಲದಂಗಾದ್ರ ಯಾರಿಗೆ ಅನುಕೂಲ?"

ಗೌರೀಶ ತಾಯಿಯ ಕಡೆ ನೋಡಿದ. ಶಿವಬಸವ್ವ ಸೆರಗಿನಿಂದ ಬಾಯಿ ಮುಚ್ಚಿಕೊಂಡಿದ್ದರು.

"ದೀಪಾವಳಿ ಪಾಡ್ಯಾಕ ಕಾಕಾ ನನ್ನ ಪ್ಯಾಟಿ ಗಾದಿ ಮ್ಯಾಲೆ ಕುಂದರ್ಸಾಂವ ಇದ್ದ. ಅಂಗಡಿ ನೀನ ನಡಸಬೇಕು ಅಂದಿದ್ದ. ಅಣ್ಣಗ ಹಬ್ಬದ ದಿನಾನ ಹೇಳ್ತೀನಿ, ಅಲ್ಲೀತನಕ ಬಾಯಿ ಬಿಡಬ್ಯಾಡ ಅಂದಿದ್ದ." ಮಾತು ಪಿಸುಗುಟ್ಟುವಿಕೆಗೆ ಇಳಿಯಿತು. "ಅಣ್ಣಗ ಗೊತ್ತಿಲ್ರಿ. ಗೊತ್ತಿರಾಕಿಲ್ಲ..."

ಮಾತು ಮುಗಿಯುವವರೆಗೆ ಪದ್ಮಶ್ರೀ ಕಾಯಲಿಲ್ಲ.

ರಸ್ತೆಗೆ ಬಂದಾಗ ಬಿಸಿಲು ಬಿದ್ದಿತ್ತು. ಬೂದಿ ಬಣ್ಣದ ಕಾರು ಏರಿಗೆ ಮುಖಮಾಡಿ ನಿಂತಿತ್ತು. ಬಸವಪ್ರಸಾದ ಕಾರಿನ ಹಿಂದೆ ದೂರದಲ್ಲಿ, ಬೆನ್ನು ಹಾಕಿ ಫೋನಿನಲ್ಲಿ ಮಾತಾಡುತ್ತಿದ್ದ.

ಅವಳು ಎಡಬದಿಯ ಬಾಗಿಲು ತೆಗೆದು ಕುಳಿತಳು. ಚಾವಿ ಅಲ್ಲೇ ತೂಗುತ್ತಿತ್ತು.

ಬಿಳಿ ಕಾರಿಗೆ ಬಂದ ಹಳೆಯ ಸ್ವಿಚ್ ಯಾವುದೋ ಒಂದು ಕಾರಿನಿಂದ ಬಂದಿರಬೇಕು. ಆ ಕಾರಿನಲ್ಲಿ ಈಗ ಸ್ವಿಚ್ ಇರುವುದಿಲ್ಲ. ತಂತಿಗೆ ತಂತಿ ಕೂಡಿಸಿರುತ್ತಾರೆ. ಬೆಳಿಗ್ಗೆ ಇವನು ಕ್ಲಚ್ ಒತ್ತಿದ್ದು ನಿಜ. ಒತ್ತದಿದ್ದರೆ ಏನಾಗುತ್ತಿತ್ತು? ಈ ಕಾರಿನ ಸ್ವಿಚ್ ಇಲ್ಲೇ ಇದ್ದರೆ ಏನೂ ಆಗುವುದಿಲ್ಲ, ದೀಪ ಹೊತ್ತುತ್ತದೆ ಅಷ್ಟೆ. ಆಗ ಈ ಸಭ್ಯ ಮನುಷ್ಯನ ಬಗ್ಗೆ ಕೆಟ್ಟದಾಗಿ ಯೋಚಿಸಿದ್ದಕ್ಕೆ ಮನಸ್ಸಿನಲ್ಲೇ ಕ್ಷಮೆ ಕೇಳಬಹುದು.

ಕಾಲಿನ ಕೆಳಗೆ ತಲೆ ತೂರಿಸಿ ನೋಡಲು ಹೊತ್ತಿಲ್ಲ. ಒಂದು ಚಿಟಿಕೆ ಹೊಡೆಯುವಷ್ಟು ಹೊತ್ತು ತಿರುವಿದರೆ ಸಾಕು. ಕನ್ನಡಿಯಲ್ಲಿ ನೋಡಿದಳು. ಹಿಂದೆ ಯಾರೂ ಕಾಣಲಿಲ್ಲ. ಕುತೂಹಲ ಅವಳ ಕೈ ಹಿಡಿದು ಎಳೆಯಿತು, ಕಾರು ಫಸ್ಟ್ ಗೇರಿನಲ್ಲಿದೆ ಎಂಬುದೂ ಆ ಗಳಿಗೆ ಮರೆತುಹೋಯಿತು. ಪಕ್ಕಕ್ಕೆ ಬಾಗಿ ಚಾವಿ ತಿರುವಿದಳು.

ಕಾರು ಗಕ್ಕನೆ ಮುಂದಕ್ಕೆ ನೆಗೆಯಿತು.

ಚಾವಿ ಬಿಟ್ಟು ತಲೆಯೆತ್ತಿದಳು. ಬಂಪರಿನ ಎದುರಿಗೇ ಬಸವಪ್ರಸಾದ ನಿಂತಿದ್ದ. ಅವನು ಫೋನ್ ಮುಗಿಸಿ ಯಾವಾಗ ಕಾರನ್ನು ಬಳಸಿ ಬಂದನೋ ಅವಳಿಗೆ ತಿಳಿಯಲೇ ಇಲ್ಲ. ಅವನ ಮೊಣಕಾಲಿಗೂ ಕಾರಿಗೂ ನಡುವೆ ಒಂದು ಗೇಣು ಉಳಿದಿತ್ತು.

ಎದುರಿಗೆ ಯಾರಿದ್ದಾರೆಂದು ನೋಡದೆ ಚಾವಿ ತಿರುವಿದ್ದಳು. ಮುದಸ್ಸರ ಮಾಡಿದ್ದೂ ಇಷ್ಟೇ. ಅವನು ನಿರಪರಾಧಿ ಎಂದು ಈಗ ಅವಳಿಗೆ ಕಾಗದದ ಮೇಲಲ್ಲ, ಚಾವಿ ತಿರುವಿದ ತನ್ನ ಕೈಯಲ್ಲೇ ಗೊತ್ತಾಯಿತು.

ಗಾಜಿನ ಆಚೆ ಬಸವಪ್ರಸಾದ ಅವಳನ್ನು ನೋಡಿದ. ಖಾಲಿ ಡ್ರೈವರ್ ಸೀಟನ್ನು ನೋಡಿದ. ಚಾವಿಯ ಬಳಿ ಇನ್ನೂ ಇದ್ದ ಅವಳ ಕೈಯನ್ನು ನೋಡಿದ. ಅವನ ಮುಖದಲ್ಲಿ ಮೊದಲು ಬಂದದ್ದು ಜೀವಭಯ. ಅದು ಹೋದ ಮೇಲೆ ಬಂದದ್ದೇನೆಂದು ಪದ್ಮಶ್ರೀಗೆ ಹೆಸರಿಸಲು ಆಗಲಿಲ್ಲ.

ಅವನು ಆತುರವಿಲ್ಲದೆ ಬಂದು ಪಕ್ಕದಲ್ಲಿ ಕುಳಿತ. ಬಾಗಿಲು ಹಾಕಿಕೊಂಡ. ನಾಲ್ಕೂ ಬಾಗಿಲುಗಳ ಲಾಕುಗಳು ಟಕ್ಕೆಂದು ಒಟ್ಟಿಗೆ ಬಿದ್ದವು.

"ಅಂಜಿದ್ರೇನ್ರಿ ಮೇಡಮ್?" ಅದೇ ಮೆತ್ತನೆಯ ದನಿ. "ಗೇರ್‌ನ್ಯಾಗಿತ್ತು. ಗೌರೀಶನ ಮಾತ ಕೇಳಬಾರದಿತ್ತು ನಾ."

ಕೆಳಗಿನ ಮನೆಯ ಬಾಗಿಲಲ್ಲಿ ಗೌರೀಶ ಕಾಣುತ್ತಾನೇನೋ ಎಂದು ಪದ್ಮಶ್ರೀ ನೋಡಿದಳು. ಬಾಗಿಲು ಮುಚ್ಚಿತ್ತು.

"ಆಸ್ಪತ್ರಿಯಿಂದ ಸುದ್ದಿ ಬಂತ್ರಿ. ಅಪ್ಪಾರು ಕಣ್ಣ ತಗದಾರಂತ. ಏನೋ ಹೇಳಾಕ ಬಾಯಿ ತಗ್ಯಾಕತ್ತಾರಂತ, ಮಾತ ಇನ್ನೂ ಹೊಂಡವಲ್ದು." ಅವನು ಗೇರನ್ನು ನ್ಯೂಟ್ರಲ್‌ಗೆ ತಂದು ಬಲಗಾಲಿನಿಂದ ಬ್ರೇಕ್ ಒತ್ತಿದ. "ಬರ್ರಿ, ಕೂಡೇ ಹೋಗೂಣು. ಮೊದಲ ನಾವಿಬ್ಬರ ಕೇಳೂಣು ಏನಂತಾರ. ಬೆಲ್ಟ್ ಹಾಕ್ಕೋರ್ರಿ."

ಚಾವಿ ತಿರುವಿದ. ಇಂಜಿನ್ ಒಂದೇ ಏಟಿಗೆ ಶುರುವಾಯಿತು.

ಪದ್ಮಶ್ರೀ ಕೆಳಗೆ ನೋಡಿದಳು. ಅವನ ಎಡಗಾಲು ಕ್ಲಚ್ಚಿನ ಹತ್ತಿರವೂ ಇರಲಿಲ್ಲ. ಅವಳಿಗೆ ಕಾಣಲೆಂದೇ ಅದನ್ನು ಹಿಂದಕ್ಕೆ ಎಳೆದು ಇಟ್ಟುಕೊಂಡಿದ್ದ.